ಈಲಾಯ್ ಮರುಭೂಮಿಯ ಮೇಲೆ: ಲೈಸೆನ್ಸ್‌ಗೆ ಮುಂಚಿನ ದಿನಗಳು

ಸ್ಕೈಡೈವಿಂಗ್ ಬಗ್ಗೆ ನಾನು ಓದಿದ ಬರಹಗಳು ಹೆಚ್ಚಾಗಿ ಮೊದಲ ಹಾರಾಟದ ಬಗ್ಗೆಯೇ ಇರುತ್ತವೆ. ವಿಮಾನದ ಬಾಗಿಲು ತೆರೆಯಿತು, ಎದೆ ಡವಡವ ಅಂತು, ಹಾರಿದೆ, ನೆಲಕ್ಕೆ ಬಂದ ಮೇಲೆ ಕಣ್ಣಲ್ಲಿ ನೀರು ಬಂತು. ಅಲ್ಲಿಗೆ ಕಥೆ ಮುಗಿಯುತ್ತದೆ. ಆದರೆ ಕಲಿಕೆ ಗಟ್ಟಿಯಾಗಿ ಶುರುವಾಗೋದು ಅದಾದ ಮೇಲೆ. ತರಬೇತುದಾರರು ಅಕ್ಕಪಕ್ಕ ಹಿಡಿದುಕೊಂಡು ಹಾರಿಸುವ ಹಂತ ಮುಗಿದಿರುತ್ತದೆ. ಲೈಸೆನ್ಸ್ ಇನ್ನೂ ಕೈಗೆ ಬಂದಿರುವುದಿಲ್ಲ. ಈ ನಡುವಿನ ದಿನಗಳ ಬಗ್ಗೆ ಬರೆಯುವವರು ಕಡಿಮೆ. ನನಗೆ ತುಂಬ ಹಿಡಿಸಿದ್ದು ಇವೇ ದಿನಗಳು.

ನಾನು ದಾವಣಗೆರೆಯವಳು. ಈಗ ಇರೋದು ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ. ಚಿಪ್ ಕಾರ್ಖಾನೆಗಳಿಂದಾಗಿ ಇಲ್ಲಿ ಕನ್ನಡದವರು ಸಾಕಷ್ಟಿದ್ದಾರೆ. ಐ-10 ಹೆದ್ದಾರಿ ಹಿಡಿದು ಟೂಸಾನ್ ಕಡೆಗೆ ಹೊರಟರೆ ಗಂಟೆಯೊಳಗೆ ಈಲಾಯ್ ಅನ್ನೋ ಚಿಕ್ಕ ಊರು. ಸುತ್ತ ಹತ್ತಿ ಹೊಲ, ನೀರಾವರಿ ಕಾಲುವೆ, ಕುರುಚಲು ಗಿಡ. ಹತ್ತಿ ಮಿಲ್ಲುಗಳ ಊರಲ್ಲಿ ಹುಟ್ಟಿದವಳಿಗೆ ಆ ಹೊಲಗಳನ್ನು ಮೇಲಿನಿಂದ ನೋಡೋದೇ ಒಂದು ಖುಷಿ. ಆ ಊರಿನ ವಿಮಾನ ನಿಲ್ದಾಣದಲ್ಲಿ ಸ್ಕೈಡೈವ್ ಅರಿಜೋನಾ ಇದೆ. ಜಗತ್ತಿನ ದೊಡ್ಡ ಡ್ರಾಪ್‌ಜೋನ್‌ಗಳಲ್ಲಿ, ಅಂದರೆ ಸ್ಕೈಡೈವಿಂಗ್ ಮಾಡುವ ತಾಣಗಳಲ್ಲಿ, ಅದೂ ಒಂದು. 2022ರ ಅಕ್ಟೋಬರ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು ಅಲ್ಲೇ.

ಮಾರ್ಚ್‌ನಲ್ಲಿ ರಜೆ ಹಾಕಿ ಅಲ್ಲೇ ಉಳಿದು ಕಲಿಯುತ್ತೇನೆ ಅಂದಾಗ ಚಿಕ್ಕಪ್ಪನ ಮಗ ಫೋನಿನಲ್ಲಿ ಕೇಳಿದ: "ಅಕ್ಕಾ, ಹಾರೋದು ಬರುತ್ತಲ್ಲ ನಿಂಗೆ? ಬೀಳೋದ್ರಲ್ಲಿ ಇನ್ನೇನಿದೆ ಕಲಿಯೋಕೆ?" ಅವನು ಮೈಸೂರಿನಲ್ಲಿ ಟ್ಯಾಂಡಮ್, ಅಂದರೆ ತರಬೇತುದಾರರ ಮೈಗೆ ಕಟ್ಟಿಸಿಕೊಂಡು, ಹಾರಿದವನು. ತಿಳಿಯಬೇಕು ಅಂತಲೇ ಕೇಳಿದ್ದು. ಈ ಬರಹ ಅವನಿಗೆ ಕೊಟ್ಟ ಉತ್ತರ ಅಂತಲೇ ಇಟ್ಟುಕೊಳ್ಳಿ.

ಅಮೆರಿಕದ ಪ್ಯಾರಾಚೂಟ್ ಸಂಘ, ಅಂದರೆ ಯುಎಸ್‌ಪಿಎ, ವಿದ್ಯಾರ್ಥಿಗಳ ಪಾಠವನ್ನು ಎ ಇಂದ ಎಚ್ ವರೆಗೆ ಎಂಟು ಹಂತ ಮಾಡಿದೆ. ಎಲ್ಲ ಮುಗಿದು, ಕನಿಷ್ಠ 25 ಹಾರಾಟ ಆದ ಮೇಲೆ ಎ ಲೈಸೆನ್ಸ್. ನಾನು ಇ ಹಂತ ದಾಟಿದ್ದೆ. ಅದರಲ್ಲಿ ಬೇಕಂತಲೇ ಗಾಳಿಯಲ್ಲಿ ಪಲ್ಟಿ ಹೊಡೆದು, ಮತ್ತೆ ಹೊಟ್ಟೆ ಕೆಳಗಾಗಿ ಸ್ಥಿರವಾಗೋದನ್ನು ಕಲಿಸುತ್ತಾರೆ. ಉಳಿದದ್ದು ಎಫ್, ಜಿ ಮತ್ತು ಎಚ್.

ಸೋಮವಾರ

ಮೊದಲ ದಿನ ವಿಮಾನ ಹತ್ತಲಿಲ್ಲ. ಈಲಾಯ್‌ನಲ್ಲೇ ವಿಂಡ್ ಟನಲ್ ಇದೆ. ನೆಟ್ಟಗೆ ನಿಂತ ದೊಡ್ಡ ಕೊಳವೆ, ತಳದಲ್ಲಿ ಬಿಗಿಯಾದ ಬಲೆ, ಬಲೆಯಡಿಯಿಂದ ಮೇಲಕ್ಕೆ ನುಗ್ಗುವ ಗಾಳಿ. ಹೊಟ್ಟೆ ಕೆಳಗಾಗಿ ಬೀಳುವಾಗ ನಮ್ಮ ವೇಗ ಗಂಟೆಗೆ ಸುಮಾರು 120 ಮೈಲಿ, ಅಂದರೆ 190 ಕಿಲೋಮೀಟರ್ ಹತ್ತಿರ. ಗಾಳಿಯನ್ನು ಹೆಚ್ಚುಕಡಿಮೆ ಅಷ್ಟೇ ವೇಗಕ್ಕೆ ಹೊಂದಿಸಿದರೆ ನಾವು ಇದ್ದಲ್ಲೇ ತೇಲುತ್ತೇವೆ.

ಆಕಾಶದಲ್ಲಿ ಒಬ್ಬರೇ ಬೀಳುವಾಗ ಹಿಂದಕ್ಕೆ ಜಾರುತ್ತಿದ್ದೇವಾ, ಪಕ್ಕಕ್ಕೆ ಹೋಗುತ್ತಿದ್ದೇವಾ ಅಂತ ಗೊತ್ತಾಗೋದೇ ಇಲ್ಲ. ಹೋಲಿಸಿ ನೋಡೋಕೆ ಅಲ್ಲಿ ಏನೂ ಇರೋದಿಲ್ಲ. ಟನಲ್‌ನಲ್ಲಿ ಗೋಡೆ ಇದೆ. ಒಂದು ಮೊಣಕಾಲು ಇನ್ನೊಂದಕ್ಕಿಂತ ಸ್ವಲ್ಪ ಕೆಳಗಿದ್ದರೂ ಸಾಕು, ದೇಹ ನಿಧಾನವಾಗಿ ತಿರುಗತೊಡಗುತ್ತದೆ, ಗೋಡೆ ಅದನ್ನು ತಕ್ಷಣ ತೋರಿಸುತ್ತದೆ.

ನನ್ನ ಕೋಚ್ ಅರವತ್ತು ದಾಟಿದ ಹೆಂಗಸು. ಮಾತು ಕಡಿಮೆ. ಹೇಗೂ ಟನಲ್ ಒಳಗೆ ಮಾತು ಕೇಳಿಸೋದಿಲ್ಲ, ಎಲ್ಲ ಕೈಸನ್ನೆ. ಎರಡು ಬೆರಳು ನೆಟ್ಟಗೆ ಚಾಚಿದರೆ ಕಾಲು ಚಾಚು. ಅವೇ ಬೆರಳು ಮಡಚಿದರೆ ಕಾಲು ಮಡಚು. ಹೆಬ್ಬೆರಳು ಕಿರುಬೆರಳು ಬಿಟ್ಟು ಕೈ ಅಲ್ಲಾಡಿಸಿದರೆ ಮೈ ಸಡಿಲ ಬಿಡು. ಕೊನೆಯ ಸನ್ನೆಯನ್ನೇ ಅವರು ಜಾಸ್ತಿ ಬಳಸಿದ್ದು. ಹೊಸಬರಿಗೆಲ್ಲ ಅದನ್ನೇ ಜಾಸ್ತಿ ತೋರಿಸಬೇಕಾಗುತ್ತದಂತೆ. ಬಿಗಿ ಹಿಡಿದ ಮೈ ಗಾಳಿಯಲ್ಲಿ ಕುಲುಕಾಡುತ್ತದೆ.

ಚಲನೆಯ ಲೆಕ್ಕ ಸರಳ. ಕಾಲು ಚಾಚಿದರೆ ಮುಂದಕ್ಕೆ. ಕೈ ಮುಂದೆ ಚಾಚಿ ಕಾಲು ಮಡಚಿದರೆ ಹಿಂದಕ್ಕೆ. ಸೊಂಟ ಕೆಳಗೆ ಒತ್ತಿ ಬಿಲ್ಲಿನಂತೆ ಬಾಗಿದರೆ ಬೀಳುವ ವೇಗ ಹೆಚ್ಚು. ಎದೆ ಒಳಗೆಳೆದು ಕೈಕಾಲು ಅಗಲಿಸಿದರೆ ಕಡಿಮೆ. ಹೇಳೋಕೆ ಇಷ್ಟೇ. ಮುಂದೆ ಹೋಗುತ್ತಾ ಎತ್ತರ ಬದಲಾಗದಂತೆ ನೋಡಿಕೊಳ್ಳೋದರಲ್ಲಿದೆ ಕಷ್ಟ. ಕಾಲು ಚಾಚಿದ ಕೂಡಲೇ ಮೈಯ ಉಳಿದ ಭಾಗ ಅದಕ್ಕೆ ಹೊಂದಿಕೊಳ್ಳಬೇಕು.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯ ಅನ್ನಿಸಿತು. ಕೋಚ್ ನನಗೆ ಟನಲ್ ಒಳಗೂ ಮಣಿಕಟ್ಟಿಗೆ ಎತ್ತರ ತೋರಿಸುವ ಆಲ್ಟಿಮೀಟರ್ ಕಟ್ಟಿಸಿದರು. ಅಲ್ಲಿ ಮುಳ್ಳು ಕದಲೋದೇ ಇಲ್ಲ. ಆದರೂ ಪ್ರತಿ ಕೆಲಸ ಮುಗಿದ ಮೇಲೆ ಒಮ್ಮೆ ನೋಡಲೇಬೇಕು. "ಟನಲ್‌ನಲ್ಲಿ ನೆಲ ಹತ್ತಿರ ಬರೋದಿಲ್ಲ. ಅದು ಅಭ್ಯಾಸವಾಗಿಬಿಟ್ಟರೆ ಅಪಾಯ" ಅಂದರು.

ಮಂಗಳವಾರ

ಬೆಳಗ್ಗೆ ಗಾಳಿ ಶಾಂತವಾಗಿತ್ತು. ಇವತ್ತು ಹಾಪ್ ಅಂಡ್ ಪಾಪ್, ಅಂದರೆ ವಿಮಾನದಿಂದ ಹೊರಬಿದ್ದ ಐದು ಸೆಕೆಂಡ್‌ನೊಳಗೆ ಪ್ಯಾರಾಚೂಟ್ ಬಿಚ್ಚೋದು. ಮೊದಲು 5,500 ಅಡಿಯಿಂದ, ಅದು ಸರಿಹೋದರೆ 3,500 ಅಡಿಯಿಂದ.

13,000 ಅಡಿಯಿಂದ ಹಾರುವವರಿಗೆ ಸಮಯ ಇರುತ್ತದೆ. ಪೂರ್ತಿ ವೇಗಕ್ಕೆ ಬರಲು ಹತ್ತು ಹನ್ನೆರಡು ಸೆಕೆಂಡ್ ಬೇಕು. ಆಮೇಲೆ ಸಾವಿರ ಅಡಿಗೆ ಐದೂವರೆ ಸೆಕೆಂಡ್ ಅಂತ ಲೆಕ್ಕ. ಹೊರಬೀಳುವಾಗ ಸ್ವಲ್ಪ ಅಲುಗಾಡಿದರೂ ಸರಿಪಡಿಸಿಕೊಳ್ಳಬಹುದು. 3,500 ಅಡಿಯಲ್ಲಿ ಆ ಪುರುಸೊತ್ತಿಲ್ಲ. ಬಾಗಿಲು ಬಿಟ್ಟ ಕ್ಷಣದಿಂದಲೇ ಮೈ ಸರಿ ಇರಬೇಕು. ಇದನ್ನು ಕಲಿಸೋಕೆ ಕಾರಣವೂ ಇದೆ. ಎಂದಾದರೂ ವಿಮಾನದ ಎಂಜಿನ್ ಕೈಕೊಟ್ಟರೆ ಪೈಲಟ್ ಕಡಿಮೆ ಎತ್ತರದಲ್ಲೇ ಎಲ್ಲರನ್ನೂ ಇಳಿಸಬೇಕಾಗಬಹುದು. ಆ ದಿನ ಮೊದಲ ಸಲ ಅದನ್ನು ಮಾಡುವವರು ಯಾರೂ ಇರಬಾರದು.

ವಿಮಾನ ಟ್ವಿನ್ ಆಟರ್. ಎರಡು ಎಂಜಿನ್, ಒಳಗೆ ಎರಡು ಉದ್ದ ಬೆಂಚು, ಇಪ್ಪತ್ತು ಚಿಲ್ಲರೆ ಜನ. ನಾವು ಮೊದಲು ಇಳಿಯುವವರಾದ್ದರಿಂದ ಕೊನೆಯಲ್ಲಿ ಹತ್ತಿ ಬಾಗಿಲ ಪಕ್ಕ ಕುಳಿತೆವು. ಹತ್ತುವ ಮುಂಚೆ ಒಮ್ಮೆ, ಬಾಗಿಲಿಗೆ ಬರುವ ಮುಂಚೆ ಮತ್ತೊಮ್ಮೆ ಸಾಮಾನು ಪರೀಕ್ಷೆ. ಅದಕ್ಕೆ ಮೂರು ಮೂರರ ಲೆಕ್ಕವಿದೆ: ಹೆಗಲ ಬಳಿಯ ಮೂರು ಉಂಗುರಗಳ ಜೋಡಣೆ, ಎದೆಗೆ ಒಂದು ಮತ್ತು ತೊಡೆಗೆ ಎರಡು ಪಟ್ಟಿ, ಆಮೇಲೆ ಮೂರು ಹಿಡಿಕೆ. ಬೆನ್ನಿನ ಕೆಳಗಿನದು ಮುಖ್ಯ ಪ್ಯಾರಾಚೂಟಿಗೆ. ಎದೆಯ ಬಲಗಡೆ ಕೆಂಪು ದಿಂಬು ಅದನ್ನು ಕಳಚೋಕೆ. ಎಡಗಡೆ ಬೆಳ್ಳಿ ಬಣ್ಣದ ಹಿಡಿಕೆ ರಿಸರ್ವ್‌ಗೆ, ಅಂದರೆ ತುರ್ತಿಗೆ ಇರುವ ಎರಡನೇ ಪ್ಯಾರಾಚೂಟಿಗೆ.

ಬಾಗಿಲಲ್ಲಿ ಮಂಡಿಯೂರಿ ನೇರ ಕೆಳಗೆ ನೋಡಬೇಕು. ನಾವು ಎಲ್ಲಿದ್ದೇವೆ, ಕೆಳಗೆ ಬೇರೆ ವಿಮಾನ ಇದೆಯಾ, ಮೋಡ ಇದೆಯಾ. ರನ್‌ವೇ ಕಾಣಿಸಿತು, ಕಾಲುವೆ ಕಾಣಿಸಿತು. ಹೊರಟೆ. ವಿಮಾನ ಬಿಟ್ಟ ಕೂಡಲೇ ಗಾಳಿ ಕೆಳಗಿನಿಂದ ಬರೋದಿಲ್ಲ, ಮುಂದಿನಿಂದ ಬರುತ್ತದೆ, ವಿಮಾನದ ವೇಗದಿಂದಾಗಿ. ಹಾಗಾಗಿ ಎದೆಯನ್ನು ನೆಲಕ್ಕಲ್ಲ, ವಿಮಾನ ಹೋಗುತ್ತಿರುವ ದಿಕ್ಕಿಗೆ ಕೊಡಬೇಕು. ಅದೊಂದು ತಲೆಗೆ ಹತ್ತಿದರೆ ಉಳಿದದ್ದು ಸಲೀಸು. ವೇಗ ಕಡಿಮೆ ಇರೋದರಿಂದ ಪ್ಯಾರಾಚೂಟ್ ಮೆತ್ತಗೆ, ನಿಧಾನವಾಗಿ ಬಿಚ್ಚಿಕೊಂಡಿತು. ತಲೆಯೆತ್ತಿದಾಗ ಟ್ವಿನ್ ಆಟರ್ ಉಳಿದವರನ್ನು ಹೊತ್ತು ಇನ್ನೂ ಮೇಲೇರುತ್ತಿತ್ತು.

ಬುಧವಾರ

ಟ್ರ್ಯಾಕಿಂಗ್. ಬೀಳುತ್ತಲೇ ಮುಂದಕ್ಕೆ ಓಡೋದು. ಕಾಲು ಪೂರ್ತಿ ನೆಟ್ಟಗೆ, ಕಾಲ್ಬೆರಳವರೆಗೂ ಚಾಚಿ. ಕೈ ಹಿಂದಕ್ಕೆ ತೊಡೆಯ ಪಕ್ಕ, ಅಂಗೈ ನೆಲದ ಕಡೆ. ಭುಜ ಸ್ವಲ್ಪ ಮುಂದಕ್ಕೆ ಸುತ್ತಿ, ಗದ್ದ ಒಳಗೆ. ಆಗ ದೇಹವೇ ಒಂದು ರೆಕ್ಕೆಯ ಕೆಲಸ ಮಾಡುತ್ತದೆ. ನೇರ ಬೀಳುತ್ತಿದ್ದವರು ಓರೆಯಾಗಿ ದೂರ ಸಾಗತೊಡಗುತ್ತಾರೆ. ಮೈ ತುಂಬ ಬಾಗಿದರೆ ಬರೀ ಕೆಳಗೆ ಧುಮುಕುತ್ತೇವೆ, ದೂರ ಹೋಗೋದಿಲ್ಲ. ಚೆನ್ನಾಗಿ ಆದಾಗ ಕಿವಿಗೆ ಬಡಿಯುವ ಗಾಳಿಯ ಸದ್ದೇ ಬದಲಾಗುತ್ತದೆ.

ದಿಕ್ಕು ಹಿಡಿಯೋಕೆ ದೂರದಲ್ಲಿ ಒಂದು ಗುರುತು ಬೇಕು. ಈಲಾಯ್‌ನಲ್ಲಿ ಅದಕ್ಕೆ ಬರವಿಲ್ಲ. ಆಗ್ನೇಯಕ್ಕೆ, ಹೆದ್ದಾರಿ ಪಕ್ಕದಲ್ಲಿ ಪಿಕಾಚೊ ಪೀಕ್ ಇದೆ. ಚಪ್ಪಟೆ ಮರುಭೂಮಿಯಿಂದ ಸುಮಾರು 1,500 ಅಡಿ ಎದ್ದ ಮೊನಚು ಬೆಟ್ಟ. 13,000 ಅಡಿಯಿಂದಲೂ ಎದ್ದು ಕಾಣುತ್ತದೆ. ಆದರೆ ಸುಮ್ನೆ ಚಂದ ಕಾಣುತ್ತದೆ ಅಂತ ಅದರ ಕಡೆ ಓಡುವ ಹಾಗಿಲ್ಲ. ವಿಮಾನ ಸಾಗುವ ಗೆರೆಗೆ ಜಂಪ್ ರನ್ ಅನ್ನುತ್ತಾರೆ. ಆ ಗೆರೆಯ ಉದ್ದಕ್ಕೂ ನಮ್ಮ ಮುಂಚೆ ಒಂದು ಗುಂಪು ಇಳಿದಿರುತ್ತದೆ, ನಮ್ಮ ಹಿಂದೆ ಇನ್ನೊಂದು ಇಳಿಯುತ್ತದೆ. ಗೆರೆಯ ಮೇಲೆ ಓಡಿದರೆ ಅವರ ಪ್ಯಾರಾಚೂಟ್ ಇರುವ ಜಾಗಕ್ಕೇ ಹೋಗಿ ಸೇರುತ್ತೇವೆ. ಅದಕ್ಕೆ ಗೆರೆಗೆ ಅಡ್ಡಲಾಗಿ ಓಡಬೇಕು. ಆ ದಿನ ಜಂಪ್ ರನ್ ಹೇಗಿದೆ ಅಂತ ವಿಮಾನ ಹತ್ತುವ ಮುಂಚೆಯೇ ಕೇಳಿಕೊಂಡು, ಎಡಕ್ಕೆ ಯಾವ ಗುರುತು, ಬಲಕ್ಕೆ ಯಾವ ಗುರುತು ಅಂತ ತಲೆಯಲ್ಲಿ ಇಟ್ಟುಕೊಂಡೆ.

ಟ್ರ್ಯಾಕ್ ಮಾಡುವಾಗ ತಲೆ ಸ್ವಲ್ಪ ಕೆಳಗಿರುತ್ತದೆ. ವೇಗದ ಖುಷಿಯಲ್ಲಿ ಎತ್ತರ ಮರೆತುಹೋಗೋದು ಸುಲಭ. ಕೋಚ್ ಪಕ್ಕದಲ್ಲೇ ಬರುತ್ತಾ ಮಣಿಕಟ್ಟಿಗೆ ಬೆರಳು ತಟ್ಟಿ ತೋರಿಸುತ್ತಿದ್ದರು.

ಸಂಜೆ ಬಂಕ್‌ಹೌಸ್ ಮುಂದಿನ ಕಟ್ಟೆಯಲ್ಲಿ ಕುಳಿತು ಪಠ್ಯದ ಪುಟ ತಿರುವುತ್ತಿದ್ದಾಗ ಈ ಕ್ರಮ ನನ್ನ ಕಣ್ಣಿಗೆ ಬಿತ್ತು. ಒಬ್ಬರೇ ಬೇಗ ಬಿಚ್ಚೋದು ಮತ್ತು ದೂರ ಓಡೋದು ಎಫ್ ಹಂತದಲ್ಲಿದೆ. ಇನ್ನೊಬ್ಬರ ಹತ್ತಿರ ಹೋಗೋದು ಅದರ ಮುಂದಿನ ಜಿ ಹಂತದಲ್ಲಿ. ಅಂದರೆ ಬಿಟ್ಟು ಹೋಗೋದು ಬಂದ ಮೇಲೆಯೇ ಕೂಡಿ ಹಾರೋಕೆ ಬಿಡುತ್ತಾರೆ. ಜೊತೆಗೆ ಹಾರಿದವರು ದೂರ ಆಗದೆ ಒಟ್ಟಿಗೇ ಪ್ಯಾರಾಚೂಟ್ ಬಿಚ್ಚಿದರೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾರೆ. ಪಠ್ಯ ಬರೆದವರ ಬಗ್ಗೆ ನನಗೆ ತುಂಬ ಗೌರವ ಬಂತು. ಆಕಾಶದಲ್ಲಿ ಸ್ನೇಹ ಮಾಡುವವರಿಗೆ ಮೊದಲು ಬೇಕಾದ ವಿದ್ಯೆ ಯಾವುದು ಅಂತ ಅವರು ಸರಿಯಾಗಿ ಹಿಡಿದಿದ್ದಾರೆ.

ಗುರುವಾರ

ಗಾಳಿ. ವಿದ್ಯಾರ್ಥಿಗಳಿಗೆ ನೆಲದ ಗಾಳಿ ಗಂಟೆಗೆ 14 ಮೈಲಿ ದಾಟಬಾರದು ಅನ್ನೋದು ನಿಯಮ. ಬೆಳಗ್ಗೆಯೇ ಅದನ್ನು ದಾಟಿತ್ತು. ಮಧ್ಯಾಹ್ನ ಹೊಲದ ಅಂಚಿನಲ್ಲಿ ಧೂಳಿನ ಸುಳಿಗಳು ಎದ್ದವು. ಮರುಭೂಮಿಯಲ್ಲಿ ಬಿಸಿಲೇರಿದಾಗ ಇವು ತಟ್ಟನೆ ಹುಟ್ಟುತ್ತವೆ. ಇಳಿಯುವ ಹೊತ್ತಿಗೆ ಪ್ಯಾರಾಚೂಟ್ ಇಂಥದಕ್ಕೆ ಸಿಕ್ಕರೆ ಮಡಚಿಬಿಡಬಹುದು. ಧೂಳಿದ್ದರೆ ಕಾಣುತ್ತದೆ. ಡಾಂಬರು, ಹುಲ್ಲಿನ ಮೇಲೆ ಸುಳಿ ಕಾಣೋದೇ ಇಲ್ಲ. ಲೈಸೆನ್ಸ್ ಇದ್ದವರೂ ಕೆಲವರು ರಿಗ್, ಅಂದರೆ ಬೆನ್ನಿಗೆ ಕಟ್ಟುವ ಪ್ಯಾರಾಚೂಟ್ ಚೀಲ, ಕೆಳಗಿಟ್ಟು ಕುಳಿತಿದ್ದರು. ಅವರನ್ನು ನೋಡಿ ಕಲಿಯಬೇಕು ಅನ್ನಿಸಿತು.

ಹಾಗಾಗಿ ಪ್ಯಾಕಿಂಗ್. ಲೈಸೆನ್ಸ್‌ಗೆ ಇದೂ ಬೇಕು. ನೆರಳಿನಲ್ಲಿ ಹಾಸಿದ ಕಾರ್ಪೆಟ್ ಮೇಲೆ ಪ್ಯಾಕಿಂಗ್ ಕಲಿಸುವವರು ಒಬ್ಬೊಬ್ಬರನ್ನೇ ಕೂರಿಸಿಕೊಂಡರು. ಮೊದಲು ದಾರಗಳು ಸಿಕ್ಕಾಗಿಲ್ಲ ಅಂತ ಕೆಳಗಿನಿಂದ ಮೇಲಿನವರೆಗೆ ಬೆರಳು ಹಾಯಿಸಿ ನೋಡಬೇಕು. ಆಮೇಲೆ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ನಿಂತುಕೊಂಡೇ ಗಾಳಿ ತುಂಬುವ ಒಂದೊಂದು ಖಾನೆಯ ಬಾಯಿಯನ್ನೂ ಎಣಿಸಿ ಜೋಡಿಸಬೇಕು. ದಾರಗಳೆಲ್ಲ ನಡುವಿಗೆ ಬರಬೇಕು, ಬಟ್ಟೆ ಎರಡು ಪಕ್ಕಕ್ಕೆ. ಸ್ಲೈಡರ್ ಅಂತ ಒಂದು ಚೌಕ ಬಟ್ಟೆ ಇದೆ. ನಾಲ್ಕು ಮೂಲೆಗೆ ಲೋಹದ ಉಂಗುರ, ಉಂಗುರದೊಳಗೆ ದಾರಗಳು. ಅದನ್ನು ಮೇಲಕ್ಕೆ ಪೂರ್ತಿ ತಳ್ಳಿ ಇಡಬೇಕು. ಪ್ಯಾರಾಚೂಟ್ ಬಿಚ್ಚಿಕೊಳ್ಳುವಾಗ ಗಾಳಿ ಇದನ್ನು ಮೇಲೆಯೇ ಒತ್ತಿ ಹಿಡಿಯುತ್ತದೆ, ಅದು ನಿಧಾನವಾಗಿ ಕೆಳಗಿಳಿಯುತ್ತದೆ. ಬಟ್ಟೆ ಒಮ್ಮೆಲೇ ಅಗಲವಾಗದಂತೆ ತಡೆಯೋದು ಇದೇ. ಸ್ಲೈಡರ್ ಕೆಳಗಿದ್ದ ಹಾಗೇ ಪ್ಯಾಕ್ ಆದರೆ ಪೂರ್ತಿ ವೇಗದಲ್ಲಿ ಬೀಳುತ್ತಿರುವ ಮೈಗೆ ಭಾರಿ ಏಟು ಬೀಳುತ್ತದೆ.

ನನ್ನ ಗಮನ ಸೆಳೆದದ್ದು ಒಂದು ಪುಟ್ಟ ಕಿಟಕಿ. ಮುಖ್ಯ ಪ್ಯಾರಾಚೂಟನ್ನು ಹೊರಗೆಳೆಯೋದು ಪೈಲಟ್ ಚೂಟ್ ಅನ್ನೋ ಸಣ್ಣ ಕೊಡೆ. ಕೆಲಸ ಮುಗಿದ ಮೇಲೆ ಅದು ತಾನೇ ಕುಗ್ಗಿಹೋಗುವಂತೆ ಒಳಗೊಂದು ದಾರ ಇದೆ. ಮುಂದಿನ ಹಾರಾಟಕ್ಕೆ ಮುಂಚೆ ಆ ದಾರವನ್ನು ಎಳೆದು ಮತ್ತೆ ಸಿದ್ಧ ಮಾಡಬೇಕು. ಇದಕ್ಕೆ ಕಾಕ್ ಮಾಡೋದು ಅನ್ನುತ್ತಾರೆ. ಮರೆತರೆ ಆ ಕೊಡೆ ಗಾಳಿ ಹಿಡಿಯದೆ ಬಟ್ಟೆಯ ಚೂರಿನಂತೆ ಹಿಂದೆ ಎಳೆದಾಡುತ್ತದೆ, ಮುಖ್ಯ ಪ್ಯಾರಾಚೂಟ್ ಹೊರಗೇ ಬರುವುದಿಲ್ಲ. ಅದಕ್ಕೆ ಆ ಕೊಡೆಯನ್ನು ಮುಖ್ಯ ಪ್ಯಾರಾಚೂಟಿಗೆ ಜೋಡಿಸುವ ಪಟ್ಟಿಯಲ್ಲಿ ಬೆರಳುಗುರಿನಷ್ಟು ಕಿಟಕಿ ಮಾಡಿದ್ದಾರೆ. ಕಾಕ್ ಆಗಿದ್ದರೆ ಅದರಲ್ಲಿ ಬಣ್ಣದ ದಾರ ಕಾಣುತ್ತದೆ. ನನ್ನದು ಹಸಿರು. ಪಿನ್ ಹಾಕಿ ಮುಚ್ಚಿದ ಮೇಲೂ ಆ ಹಸಿರು ಕಾಣಿಸುವಂತಿತ್ತು. ಸಿಕ್ಕವರೆಲ್ಲರಿಗೂ ಕರೆದು ತೋರಿಸಿದೆ.

ರಿಸರ್ವ್ ಪ್ಯಾರಾಚೂಟನ್ನು ಮಾತ್ರ ನಾವು ಮುಟ್ಟುವ ಹಾಗಿಲ್ಲ. ಸರ್ಕಾರದ ಪ್ರಮಾಣಪತ್ರ ಇರುವ ರಿಗ್ಗರ್ ಅದನ್ನು ಮಡಚಿ ಸೀಲ್ ಹಾಕುತ್ತಾರೆ. ಬಳಸದಿದ್ದರೂ 180 ದಿನಕ್ಕೊಮ್ಮೆ ಮತ್ತೆ ಬಿಚ್ಚಿ ನೋಡಿ ಮಡಚಬೇಕು. ಅದರ ಪಕ್ಕದಲ್ಲೇ ಎಎಡಿ ಅನ್ನೋ ಚಿಕ್ಕ ಯಂತ್ರ. ತೀರಾ ಕಡಿಮೆ ಎತ್ತರದಲ್ಲೂ ಮೈ ಬೀಳುತ್ತಲೇ ಇದ್ದರೆ ಅದು ತಾನೇ ರಿಸರ್ವ್ ಬಿಚ್ಚುತ್ತದೆ. 1991ರಲ್ಲಿ ಬಂದ ಸೈಪ್ರೆಸ್ ಎಂಬ ಜರ್ಮನ್ ಯಂತ್ರ ಬಹಳ ಜನರ ಜೀವ ಉಳಿಸಿದೆ. ಹೆಗಲ ಬಳಿಯ ಮೂರು ಉಂಗುರಗಳ ಜೋಡಣೆಯನ್ನು ಕಂಡುಹಿಡಿದವರು ಬಿಲ್ ಬೂತ್. ಸಣ್ಣ ದಾರವೊಂದನ್ನು ಎಳೆದರೆ ಅಷ್ಟು ಭಾರ ಹೊತ್ತ ಪ್ಯಾರಾಚೂಟ್ ಕಳಚಿಕೊಳ್ಳುತ್ತದೆ. ಉಂಗುರದಿಂದ ಉಂಗುರಕ್ಕೆ ಭಾರ ಕಡಿಮೆಯಾಗುತ್ತಾ ಬರೋದರಿಂದ ಕೊನೆಯ ದಾರಕ್ಕೆ ಉಳಿಯೋದು ಅದರ ಪುಟ್ಟ ಪಾಲು. ಟೇಬಲ್ ಮೇಲೆ ಇಟ್ಟು ಮತ್ತೆ ಮತ್ತೆ ಕಳಚಿ ಜೋಡಿಸಿ ನೋಡಿದೆ. ಎಷ್ಟು ಚಂದದ ಕೆಲಸ ಅದು.

ಶುಕ್ರವಾರ

ಗಾಳಿ ನಿಂತಿತು. ಜಿ ಹಂತ: ಇನ್ನೊಬ್ಬರ ಹತ್ತಿರ ಹೋಗಿ ನಿಲ್ಲೋದು, ಆಮೇಲೆ ಕೈ ಹಿಡಿಯೋದು. ಇದಕ್ಕೆ ಡಾಕಿಂಗ್ ಅನ್ನುತ್ತಾರೆ.

ಮೊದಲ ತೊಡಕು ತೂಕದ್ದು. ನಾನು ಸಣ್ಣ ಮೈಯವಳು, ಕೋಚ್ ಗಟ್ಟಿ ಮೈಯವರು. ಒಂದೇ ಭಂಗಿಯಲ್ಲಿ ಬಿದ್ದರೆ ಅವರು ಜಾಸ್ತಿ ವೇಗವಾಗಿ ಬೀಳುತ್ತಾರೆ. ನಾನು ಮೇಲೆಯೇ ತೇಲುತ್ತೇನೆ. ಅದಕ್ಕೆ ಅವರು ಸಡಿಲವಾದ, ಗಾಳಿ ಹಿಡಿಯುವ ಜಂಪ್‌ಸೂಟ್ ಹಾಕಿಕೊಂಡರು. ನನಗೆ ಮೈಗಂಟಿದ ಸೂಟ್, ಸೊಂಟಕ್ಕೆ ಸೀಸದ ಗುಂಡು ತುಂಬಿದ ಬೆಲ್ಟ್. ಆ ಮೇಲೆ ಇಬ್ಬರೂ ಒಂದೇ ಮಟ್ಟಕ್ಕೆ ಬಂದೆವು.

ಗಾಳಿಯಲ್ಲಿ ಎದುರಿನವರು ಹತ್ತು ಹದಿನೈದು ಅಡಿ ದೂರದಲ್ಲಿ ಅಲುಗಾಡದೆ ಕಾಣುತ್ತಾರೆ. ಇಬ್ಬರೂ 190 ಕಿಲೋಮೀಟರ್ ವೇಗದಲ್ಲಿ ಬೀಳುತ್ತಿದ್ದೇವೆ ಅನ್ನೋದು ಕಣ್ಣಿಗೆ ಗೊತ್ತೇ ಆಗೋದಿಲ್ಲ. ಕಾಲು ಚಾಚಿದೆ. ಕೋಚ್ ದೊಡ್ಡದಾಗುತ್ತಾ ಬಂದರು. ಕನ್ನಡಕದೊಳಗಿನ ಕಣ್ಣು ಕಾಣಿಸಿತು. ಅವರ ಪಾಠದಲ್ಲಿ ಮುಖ್ಯ ಮಾತು ಒಂದೇ: ತಲುಪೋದಕ್ಕಿಂತ ಮುಂಚೆ ನಿಲ್ಲು. ಹತ್ತಿರ ಬಂದ ಮೇಲೆ ಬ್ರೇಕ್ ಹಾಕಿದರೆ ತಡವಾಯಿತು, ಏಕೆಂದರೆ ಮೈಗೆ ಹತ್ತಿದ ವೇಗ ಕೂಡಲೇ ಇಳಿಯೋದಿಲ್ಲ. ಕೈಗೆಟುಕುವ ಮುಂಚೆ ಕಾಲು ಮಡಚಿ, ಪೂರ್ತಿ ನಿಂತು, ಅದೇ ಮಟ್ಟದಲ್ಲಿ ಇದ್ದೇನೆ ಅಂತ ನೋಡಿಕೊಂಡು, ಆಮೇಲೆ ಕೊನೆಯ ಮೊಳ ದೂರವನ್ನು ಮೆಲ್ಲಗೆ ಸಾಗಬೇಕು. ಕೈ ಚಾಚಿ ಕಿತ್ತುಕೊಳ್ಳುವಂತೆ ಹಿಡಿಯೋಕೆ ಹೋದರೆ ಚಾಚಿದ ಕೈಗೆ ಗಾಳಿ ತಾಗಿ ಮೈಯೇ ಹಿಂದಕ್ಕೆ ಹೋಗುತ್ತದೆ. ಅವರ ಮಣಿಕಟ್ಟು ನನ್ನ ಬೆರಳಿಗೆ ಸಿಕ್ಕಿತು. ಅವರು ನಕ್ಕರು, ಕೆನ್ನೆ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ನಾನು ಆಲ್ಟಿಮೀಟರ್ ನೋಡಿದೆ.

ನನ್ನ ಜೊತೆ ಟೆಕ್ಸಾಸ್‌ನ ಒಬ್ಬ ಹುಡುಗ ಕಲಿಯುತ್ತಿದ್ದ. ಎತ್ತರದ ಆಳು. ಅವನ ಕಷ್ಟ ನನ್ನದಕ್ಕೆ ಉಲ್ಟಾ. ಕೋಚ್ ಹತ್ತಿರ ಬರುವಷ್ಟರಲ್ಲಿ ಕೆಳಗೆ ಜಾರಿರುತ್ತಿದ್ದ. ವಿಡಿಯೋ ಹಾಕಿ ಇಬ್ಬರಿಗೂ ತೋರಿಸಿದರು. ಕೆಳಗಿಳಿದವನು ಎದುರಿನವರ ನೇರ ಕೆಳಗೆ ಹೋಗಬಾರದು ಅಂತ ಒತ್ತಿ ಹೇಳಿದರು. ಬೀಳುವ ಮೈಯ ಮೇಲ್ಗಡೆ ಗಾಳಿ ಕಲಕಿರುತ್ತದೆ, ಅದಕ್ಕೆ ಬರ್ಬಲ್ ಅನ್ನುತ್ತಾರೆ. ಹೆದ್ದಾರಿಯಲ್ಲಿ ಲಾರಿಯ ಬೆನ್ನಿಗೆ ಬೈಕ್ ಹೋದಾಗ ಎದುರುಗಾಳಿ ಒಮ್ಮೆಲೇ ಮಾಯವಾಗುತ್ತಲ್ಲ, ಹಾಗೆ. ಮೇಲಿನವರಿಗೆ ಆಸರೆಯ ಗಾಳಿ ತಪ್ಪಿ ಕೆಳಗಿನವರ ಬೆನ್ನ ಮೇಲೇ ಬೀಳುತ್ತಾರೆ. ಹಾಗಾಗಿ ಪಕ್ಕಕ್ಕೆ ಇದ್ದುಕೊಂಡೇ, ಎದುರಿನವರನ್ನು ಕಣ್ಣಿಂದ ಬಿಡದೆ, ಕೈಕಾಲು ಅಗಲಿಸಿ ನಿಧಾನವಾಗಬೇಕು. ಮಧ್ಯಾಹ್ನದ ಹಾರಾಟದಲ್ಲಿ ಅವನು ಹಾಗೇ ಮಾಡಿ ಮೇಲೆ ಬಂದ. ನೆಲಕ್ಕೆ ಬಂದವನ ಕುಣಿತ ನೋಡಬೇಕಿತ್ತು.

ಶನಿವಾರ

ಶನಿವಾರ ಜನವೋ ಜನ. ನಮ್ಮ ಯಜಮಾನರೂ ಚಾಂಡ್ಲರ್‌ನಿಂದ ಬಂದರು, ಚಿತ್ರಾನ್ನ ಮತ್ತು ಮೊಸರನ್ನದ ಡಬ್ಬಿ ಸಮೇತ. ಕೋಚ್‌ಗೆ ಚಿತ್ರಾನ್ನ ಎಷ್ಟು ಹಿಡಿಸಿತೆಂದರೆ ಡಬ್ಬಿ ಖಾಲಿಯಾಗುವವರೆಗೂ ಬಿಡಲಿಲ್ಲ.

ಎಚ್ ಹಂತದಲ್ಲಿ ಕೋಚ್ ಮೊದಲು ಹಾರುತ್ತಾರೆ. ಅವರ ಹಿಂದೆ ನಾನು. ಆ ಒಂದೆರಡು ಕ್ಷಣದಲ್ಲೇ ಅವರು ದೂರ ಕೆಳಗೆ ಹೋಗಿರುತ್ತಾರೆ. ತಲೆ ಕೆಳಗೆ ಮಾಡಿ, ಕೈ ಹಿಂದಕ್ಕೆಳೆದು ಅವರ ಕಡೆ ಧುಮುಕಬೇಕು. ಚುಕ್ಕಿಯೊಂದು ಮನುಷ್ಯ ಆಗುತ್ತಾ ಬರೋದನ್ನು ನೋಡೋದು ನನಗೆ ಇಡೀ ಕಲಿಕೆಯಲ್ಲೇ ಅತಿ ಇಷ್ಟವಾದ ಭಾಗ. ಸುಮಾರು ಇಪ್ಪತ್ತು ಅಡಿ ದೂರದಲ್ಲಿ, ಸ್ವಲ್ಪ ಮೇಲ್ಗಡೆಯೇ ನಿಂತು, ಅಲ್ಲಿಂದ ನಿನ್ನೆ ಕಲಿತ ಹಾಗೆ ಮೆಲ್ಲಗೆ ಸಾಗಬೇಕು.

5,500 ಅಡಿಗೆ ಬ್ರೇಕ್‌ಆಫ್. ಕೈ ಹಿಡಿದಿರಲಿ, ಇನ್ನೂ ಒಂದು ಗೇಣು ಬಾಕಿ ಇರಲಿ, ಆ ಎತ್ತರ ಬಂದ ಕೂಡಲೇ ಬಿಟ್ಟು ತಿರುಗಿ ಓಡಬೇಕು. ಒಂದು ಸಲ ನನ್ನ ಬೆರಳಿಗೂ ಅವರ ಕೈಗೂ ಅಷ್ಟೇ ದೂರ ಉಳಿದಿತ್ತು. ತಿರುಗಿದೆ. ಟ್ರ್ಯಾಕ್ ಮಾಡಿ, ಮೇಲೆ ಕೆಳಗೆ ನೋಡಿ, ತಲೆಯ ಮೇಲೆ ಕೈ ಬೀಸಿ ಸನ್ನೆ ಮಾಡಿ, 4,000 ಅಡಿಗೆ ಪೈಲಟ್ ಚೂಟ್ ಎಸೆದೆ. ನೆಲಕ್ಕೆ ಬಂದ ಮೇಲೆ ಕೋಚ್ ಡಾಕಿಂಗ್ ಬಗ್ಗೆ ಮಾತೇ ಎತ್ತಲಿಲ್ಲ. "ಆ ತಿರುಗಿದ್ದು ಇದೆಯಲ್ಲ, ಅದು ಸರಿಯಾಗಿತ್ತು" ಅಂದರು. ಆ ಮಾತಿಗೆ ನನಗಾದ ಸಂತೋಷ ಅಷ್ಟಿಷ್ಟಲ್ಲ.

ವಾರದ ಕೊನೆಯ ದಟ್ಟಣೆಯಲ್ಲಿ ಪ್ಯಾರಾಚೂಟ್ ಕೆಳಗಿನ ಪಾಠವೂ ಸಿಕ್ಕಿತು. 1,000 ಅಡಿಗೆ ಗಾಳಿಯ ಜೊತೆ ಸಾಗು, 600 ಅಡಿಗೆ ಅಡ್ಡ ತಿರುಗು, 300 ಅಡಿಗೆ ಗಾಳಿಗೆದುರಾಗು. ಪ್ರತಿ ತಿರುವಿಗೂ ಮುಂಚೆ ಆ ಕಡೆ ತಲೆ ತಿರುಗಿಸಿ ನೋಡು. ಕೆಳಗಿರುವವರಿಗೆ ದಾರಿ ಮೊದಲು. ಚಿಕ್ಕ ಪ್ಯಾರಾಚೂಟಿನ ಪಳಗಿದವರು ಭರ್ರನೆ ಇಳಿಯುತ್ತಾರೆ, ನಮ್ಮ ದೊಡ್ಡ ಪ್ಯಾರಾಚೂಟ್ ನಿಧಾನ. ಇದರಲ್ಲಿ ಲೆಕ್ಕಾಚಾರ ಬೇಡ, ಎಲ್ಲರಿಗೂ ಗೊತ್ತಿರುವ ದಾರಿಯಲ್ಲೇ ಬಂದರೆ ಬೇರೆಯವರಿಗೆ ನಮ್ಮನ್ನು ತಪ್ಪಿಸಿಕೊಳ್ಳೋದು ಸುಲಭ.

ಭಾನುವಾರ

ಲೈಸೆನ್ಸ್‌ಗೆ ಬೇಕಾದ ಹಾರಾಟಗಳು ಅಷ್ಟರಲ್ಲಿ ತುಂಬಿದ್ದವು. ಗುರಿಯ 20 ಮೀಟರ್ ಒಳಗೆ ಐದು ಸಲ ಇಳಿಯಬೇಕು ಅನ್ನೋದೂ ಆಗಿತ್ತು. ಉಳಿದದ್ದು ಚೆಕ್ ಡೈವ್, ಅಂದರೆ ಕೊನೆಯ ಪರೀಕ್ಷೆಯ ಹಾರಾಟ.

ಮೊದಲು ಬಾಯಿಮಾತಿನ ಪ್ರಶ್ನೆಗಳು. ನಿಮ್ಮ ಮುಂದಿನ ಗುಂಪಿಗೂ ನಿಮಗೂ ಎಷ್ಟು ಸೆಕೆಂಡ್ ಅಂತರ ಬಿಡುತ್ತೀರಿ? ಇದಕ್ಕೆ ಒಂದೇ ಉತ್ತರ ಇಲ್ಲ. ಮೇಲಿನ ಗಾಳಿ ಜೋರಾಗಿದ್ದು ವಿಮಾನ ಅದಕ್ಕೆ ಎದುರಾಗಿ ಸಾಗುತ್ತಿದ್ದರೆ ನೆಲದ ಮೇಲೆ ಅದರ ವೇಗ ಕಡಿಮೆ, ಆಗ ಜಾಸ್ತಿ ಕಾಯಬೇಕು. ದಾರಗಳು ಹುರಿಗೊಂಡರೆ? ಕಾಲು ಒದ್ದು ಬಿಡಿಸಿಕೋ, ಎತ್ತರ ನೋಡುತ್ತಿರು, 2,500 ಅಡಿಯೊಳಗೆ ತೀರ್ಮಾನ ಆಗಿರಬೇಕು. ಬಿಡಿಸಿಕೊಳ್ಳೋಕೆ ಆಗದಿದ್ದರೆ ಕೆಂಪು ನೋಡು, ಕೆಂಪು ಹಿಡಿ, ಬೆಳ್ಳಿ ನೋಡು, ಕೆಂಪು ಎಳೆ, ಬೆಳ್ಳಿ ಎಳೆ. ಇದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವಷ್ಟು ಸಲ ನೇತುಹಾಕಿದ ಹಾರ್ನೆಸ್‌ನಲ್ಲಿ ಮಾಡಿಸಿದ್ದರು.

ಹಾರಾಟದ ಪಟ್ಟಿ ಚಿಕ್ಕದು. ಜಾಗ ನೋಡಿ ನಾನೇ ಹೊರಡಬೇಕು. ಬಲಕ್ಕೊಂದು ಪೂರ್ತಿ ಸುತ್ತು, ಎಡಕ್ಕೊಂದು. ಒಂದು ಹಿಮ್ಮುಖ ಪಲ್ಟಿ. ಕೋಚ್ ಬಳಿ ಡಾಕಿಂಗ್. 5,500 ಅಡಿಗೆ ತಿರುಗಿ ಕನಿಷ್ಠ 100 ಅಡಿ ಟ್ರ್ಯಾಕ್. ಎಲ್ಲ ಸೇರಿ 45 ಸೆಕೆಂಡ್ ಆಸುಪಾಸು. ಸುತ್ತು ಮುಗಿದಾಗ ಎದುರಿಗೆ ಕೋಚ್ ಇದ್ದರು, ಪಲ್ಟಿ ಮುಗಿದಾಗಲೂ ಎದುರಿಗೇ ಇದ್ದರು. ಕೈ ಸಿಕ್ಕಿತು. ಎತ್ತರ ನೋಡಿ, ತಲೆಯಾಡಿಸಿ, ಬಿಟ್ಟು ಓಡಿದೆ.

ಕಾರ್ಡಿಗೆ ಸಹಿ ಬಿದ್ದು, ಸಂಘದ ಸೀಲ್ ಒತ್ತಿದ ಮೇಲೆ ಅದೇ ಸೀಲನ್ನು ಹಣೆಗೂ ಒತ್ತುವ ರೂಢಿ ಇದೆ. "ಕುಂಕುಮದ ಜಾಗಕ್ಕೇ ಸರಿಯಾಗಿ ಬಿದ್ದಿದೆ ಕಣೇ" ಅಂತ ಯಜಮಾನರು ಫೋಟೋ ತೆಗೆದರು. "ರೀ, ಇನ್ನೊಂದು ತೆಗೀರಿ, ಅಮ್ಮನಿಗೆ ಕಳಿಸ್ಬೇಕು" ಅಂದೆ.

ಲೈಸೆನ್ಸ್ ಇದ್ದರೆ ಕೋಚ್ ಇಲ್ಲದೆಯೂ ಜೊತೆಗೂಡಿ ಹಾರಬಹುದು. ಟೆಕ್ಸಾಸ್ ಹುಡುಗನಿಗೂ ಅವತ್ತೇ ಸಿಕ್ಕಿತು. ಅವನು ಇನ್ನೂ ಕೆಲವು ದಿನ ಇರುತ್ತಾನೆ. ಮುಂದಿನ ಶನಿವಾರಕ್ಕೆ ಇಬ್ಬರೇ ಹಾರೋದು ಅಂತ ಪಾರ್ಕಿಂಗ್‌ನಲ್ಲೇ ಮಾತಾಯಿತು. ಅವನಿಗೆ ಸಡಿಲ ಸೂಟ್, ನನಗೆ ಸೀಸದ ಬೆಲ್ಟ್. ಗಾಳಿಯಲ್ಲಿ ಏನು ಮಾಡೋದು ಅಂತ ಆಮೇಲೆ ಯೋಚಿಸೋಣ ಅಂದುಕೊಂಡೆವು. ಬ್ರೇಕ್‌ಆಫ್ 5,500 ಅಡಿಗೆ, ಅವನು ಎಡಕ್ಕೆ, ನಾನು ಬಲಕ್ಕೆ. ಅದನ್ನು ಮಾತ್ರ ಅಲ್ಲೇ ನಿಂತು ತೀರ್ಮಾನ ಮಾಡಿಕೊಂಡೆವು.